ಕುಕ್ಕರ್ ಇಡುವ ಹೊತ್ತು

(ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.)

ಸೋಮವಾರಪೇಟೆ ಕಡೆಯ ತೋಟದ ಮನೆಯ ಕ್ಯಾಥೊಲಿಕ್ ತಾಯಿ, ವಯಸ್ಸು 63. ಗಂಡ ತೀರಿಕೊಂಡು 11 ತಿಂಗಳು. ಅಂದಿನಿಂದ ಚರ್ಚಿನ ಭಾನುವಾರದ ಪೂಜೆಗೆ (ಮಾಸ್) ಹೋಗಿರಲಿಲ್ಲ. ಬುದ್ಧಿ ಹೇಳಿಸಲೆಂದು ಮಗ ನಮ್ಮ ಬಳಿಗೆ ಕರೆತಂದಿದ್ದ. "ಟಿವಿಯಲ್ಲಿ ನೋಡ್ತೇನಲ್ಲ ಮಗಾ, ಅದೂ ಪೂಜೆಯೇ" ಎಂಬುದು ಅವರ ಉತ್ತರ.

ಬುದ್ಧಿವಾದಕ್ಕೆ ಇಳಿಯದೆ, ಭಾನುವಾರ ಬೆಳಗ್ಗೆ ಏನೇನು ಮಾಡುತ್ತೀರಿ ಎಂದಷ್ಟೇ ಕೇಳಿದೆವು. ಟಿವಿ ಮುಂದೆ ಮೇಣದಬತ್ತಿ ಹಚ್ಚುತ್ತಾರೆ. ಬೈಬಲ್ ವಾಚನ, ಫಾದರ್ ಕೊಡುವ ಪ್ರಬೋಧನೆ ಪೂರ್ತಿ ಕೇಳುತ್ತಾರೆ. ಪರಮಪ್ರಸಾದದ (ಪೂಜೆಯಲ್ಲಿ ಭಕ್ತರಿಗೆ ಕೊಡುವ ಪವಿತ್ರ ರೊಟ್ಟಿ) ಹೊತ್ತಿಗೆ ಎದ್ದು ಕುಕ್ಕರ್ ಇಡುತ್ತಾರೆ. "ಆಗ ನನಗೇನು ಕೆಲಸ ಅಲ್ಲಿ?"

ಎಳೆ ಸಿಕ್ಕಿದ್ದು ಅಲ್ಲೇ: ಟಿವಿಯಿಂದ ಪರಮಪ್ರಸಾದ ಸಿಗುವುದಿಲ್ಲವೆಂದು ಅವರಿಗೇ ಗೊತ್ತಿತ್ತು. 2020ರಲ್ಲಿ ವ್ಯಾಟಿಕನ್‌ನ ಕಾರ್ಡಿನಲ್ ರಾಬರ್ಟ್ ಸಾರಾ ಬರೆದ ಪತ್ರದಲ್ಲೂ ಇದೇ ಮಾತಿದೆ: ಪ್ರಸಾರ ಎಷ್ಟೇ ಚೆನ್ನಾಗಿರಲಿ, ಖುದ್ದು ಪಾಲ್ಗೊಳ್ಳುವುದಕ್ಕೆ ಸಮವಲ್ಲ. ಆದರೆ ಆ ಪತ್ರ ಓದಿ ಹೇಳಿದ್ದರೆ ಈ ತಾಯಿ ಇನ್ನಷ್ಟು ಮುದುಡುತ್ತಿದ್ದರು. ಅವರನ್ನು ತಡೆದದ್ದು ಬೇರೆ: ಮೊಣಕಾಲೂರಲು ಆಗುವುದಿಲ್ಲ, ಚಳಿಗೆ ಅರ್ಧ ಗಂಟೆಗೊಮ್ಮೆ ಮೂತ್ರಕ್ಕೆ ಅವಸರ, ಎಲ್ಲಕ್ಕಿಂತ ಮಿಗಿಲಾಗಿ, ಗಂಡನ ಶವಪೆಟ್ಟಿಗೆ ಇಟ್ಟಿದ್ದ ಜಾಗ ಅವರ ಮಾಮೂಲಿ ಬೆಂಚಿನಿಂದ ನೇರ ಕಾಣುತ್ತದೆ.

ಕೊಟ್ಟ ಸಲಹೆ: ಮೊದಲು ಪೂಜೆಯಿಲ್ಲದ ಹೊತ್ತಿನಲ್ಲಿ ಮಗನ ಜೊತೆ ಹೋಗಿ ಹತ್ತು ನಿಮಿಷ ಕೂತು ಬರುವುದು. ಮುಂದಿನ ವಾರ, ಹತ್ತಿಪ್ಪತ್ತು ಜನ ಸೇರುವ ವಾರದ ದಿನದ ಪೂಜೆ. ಹಳೆಯ ಬೆಂಚು ಬಿಟ್ಟು ಪಕ್ಕದ ಬಾಗಿಲ ಹತ್ತಿರದ ತುದಿಯಲ್ಲಿ ಜಾಗ. ಮೊಣಕಾಲೂರಲಾಗದವರು ಕೂತೇ ಇದ್ದರೂ ತಪ್ಪಲ್ಲ. ಪರಮಪ್ರಸಾದಕ್ಕೆ ಒಂದು ಗಂಟೆ ಮುಂಚಿನ ಉಪವಾಸಕ್ಕೆ ನೀರು, ಔಷಧಿ ಅಡ್ಡಿಯಲ್ಲ. ವಯಸ್ಸಾದವರಿಗೆ ಆ ಗಂಟೆಯ ನಿಯಮವೂ ಇಲ್ಲ. ಕಾಫಿ ಕೊಯ್ಲಿನ ಭಾನುವಾರಗಳಲ್ಲಿ ಜೀಪು ಸಿಗದಿದ್ದರೆ ಶನಿವಾರ ಸಂಜೆಯ ಪೂಜೆ ಸಾಕು, ಧರ್ಮಸಭೆಯ (ಕ್ಯಾಥೊಲಿಕ್ ಚರ್ಚಿನ) ಕಾನೂನೇ ಅದನ್ನು ಒಪ್ಪುತ್ತದೆ. ಮೂತ್ರದ ತೊಂದರೆಗೆ ಮಾತ್ರ ಡಾಕ್ಟರಲ್ಲಿಗೆ ಕಳಿಸಿದೆವು. ಅದನ್ನು ಹರಕೆಯಿಂದ ವಾಸಿ ಮಾಡಹೊರಡುವುದು ಸರಿಯಲ್ಲ.

ಕೆಟ್ಟದ್ದು ನಡುವೆ ಒಮ್ಮೆ. ಮಗ ಅವಸರಪಟ್ಟು ಹಬ್ಬದ ಪೂಜೆಗೇ ಕರೆದೊಯ್ದ. ಅಂಗಳದಲ್ಲಿ ಹೆಂಗಸರೆಲ್ಲ ಸುತ್ತುವರಿದು "ಅಯ್ಯೋ, ಎಷ್ಟು ಸೊರಗಿದ್ದೀರಿ" ಅಂದರು. ಆಕೆ ಒಳಗೆ ಕಾಲಿಡದೆ ಜೀಪು ಹತ್ತಿದರು. ಮೂರು ವಾರದ ಪ್ರಗತಿ ಹೋಯಿತು. ಪ್ರೀತಿಯೇ ಅದು, ಆದರೆ ಶೋಕದಲ್ಲಿರುವವರಿಗೆ ಹತ್ತು ಜನರ ಪ್ರೀತಿ ಒಟ್ಟಿಗೆ ತಡೆಯುವುದಿಲ್ಲ. ಮತ್ತೆ ವಾರದ ದಿನದ ಪೂಜೆಯಿಂದ ಶುರು. ಪ್ರವೇಶಗೀತೆ ಎತ್ತಿದ ಮೇಲೆ ಒಳಗೆ, ಕೊನೆಯ ಆಶೀರ್ವಾದ ಮುಗಿದ ಕೂಡಲೇ ಹೊರಗೆ. ಜೊತೆಗೆ ಒಬ್ಬ ನೆರೆಯಾಕೆ ಮಾತ್ರ.

ಈಗ ತಿಂಗಳಿಗೆ ಎರಡು ಮೂರು ಭಾನುವಾರ ಹೋಗುತ್ತಾರೆ. ಜುಲೈ ಮಳೆಯಲ್ಲಿ ದಾರಿ ಕುಸಿದಾಗ ಫಾದರ್ ಮನೆಗೇ ಪರಮಪ್ರಸಾದ ತಂದರು. ಅಂಥ ದಿನ ಮನೆಯಲ್ಲಿರುವುದು ಪಾಪವಲ್ಲ ಎಂದು ಆಕೆಗೆ ಎರಡು ಸಲ ಹೇಳಬೇಕಾಯಿತು. ಹಳೆಯ ಬೆಂಚಿಗೆ ಇನ್ನೂ ಹೋಗಿಲ್ಲ. ಹೋಗಲೇಬೇಕೆಂದು ನಾವೂ ಹೇಳಿಲ್ಲ.