ಮೂರು ದಿನ ಉಪವಾಸ ಮಾಡಿದರೆ ಸರಿಹೋಗುತ್ತಾ?

ಈ ಸಲ ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರು ಹಾಕಿಲ್ಲ, ಕೆಲವರ ಪತ್ರಗಳನ್ನು ಸ್ವಲ್ಪ ಮೊಟಕುಗೊಳಿಸಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಬೇರೆ ದಾರಿ ಇರಲಿಲ್ಲ.

ಪ್ರಶ್ನೆ: ಅಯ್ಯನವರೇ, ನಾನು ಪ್ರತಿ ಶುಕ್ರವಾರ ಉಪವಾಸ ಇರುತ್ತೇನೆ. ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ. ದಶಮಾಂಶವನ್ನು ಲೆಕ್ಕ ಹಾಕಿ ಕೊಡುತ್ತೇನೆ. ಆದರೂ ಈಚೆಗೆ ಮೊಣಕಾಲೂರಿದರೆ ಮಾತೇ ಹೊರಡುವುದಿಲ್ಲ. ನಮ್ಮ ತಾಯಿ ತೀರಿಕೊಂಡಾಗ ಅವರ ಒಡವೆ ನನ್ನ ಹತ್ತಿರ ಇತ್ತು. ಇಬ್ಬರೂ ಸಮನಾಗಿ ಹಂಚಿಕೊಳ್ಳಿ ಅಂತ ಹೇಳಿದ್ದರು. ತಂಗಿ ಕೇಳಿದಾಗ ‘ಅಮ್ಮ ನನಗೇ ಕೊಟ್ಟಳು’ ಅಂದುಬಿಟ್ಟೆ. ಅವತ್ತಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಒಂದು ಸರ ಮಾರಿದ ಹಣದಲ್ಲೂ ದಶಮಾಂಶ ತೆಗೆದು ಸಭೆಗೆ ಕೊಟ್ಟಿದ್ದೇನೆ. ಉಪವಾಸವನ್ನು ಮೂರು ದಿನಕ್ಕೆ ಹೆಚ್ಚಿಸಿದರೆ ಸಮಾಧಾನ ಸಿಗುತ್ತಾ?

ಉತ್ತರ: ಸಿಗುವುದಿಲ್ಲ ತಾಯಿ. ಹಸಿವಾಗುತ್ತದೆ, ಅಷ್ಟೇ.

ನಿಮ್ಮ ಪತ್ರದಲ್ಲಿ ಉಪವಾಸದ ಮಾತು ಮೊದಲು ಬಂದಿದೆ, ಒಡವೆಯ ಮಾತು ಆಮೇಲೆ. ನನಗೆ ಬರುವ ಪತ್ರಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ. ಕೇಳಬೇಕಾದದ್ದು ಕೊನೆಯ ಸಾಲುಗಳಲ್ಲಿ ಅಡಗಿ ಕೂತಿರುತ್ತದೆ. ನನ್ನ ಹೆಂಡತಿ ನಿಮ್ಮ ಪತ್ರ ಓದಿ, “ಇವರಿಗೆ ಉತ್ತರ ಗೊತ್ತು, ಬೇರೆ ಉತ್ತರ ಇದೆಯಾ ಅಂತ ನೋಡುತ್ತಿದ್ದಾರೆ” ಅಂದಳು. ಅವಳ ಮಾತು ನಿಜ ಅನ್ನಿಸುತ್ತದೆ.

ಬೈಬಲಿನಲ್ಲಿ ಒಂದನೆಯ ಸಮುವೇಲ 15ನೇ ಅಧ್ಯಾಯ ತೆಗೆಯಿರಿ. ಅಮಾಲೇಕ್ಯರ ಮೇಲಿನ ಯುದ್ಧದಲ್ಲಿ ಏನನ್ನೂ ಉಳಿಸಿಕೊಳ್ಳಬಾರದು ಎಂದು ಇಸ್ರಾಯೇಲರ ರಾಜ ಸೌಲನಿಗೆ ದೇವರ ಅಪ್ಪಣೆ ಆಗಿತ್ತು. (ಆ ಯುದ್ಧದ ಕಥೆ ಓದಲು ಸುಲಭವಲ್ಲ. ಅದರ ಬಗ್ಗೆ ಯಾರಾದರೂ ಕೇಳಿದರೆ ಬೇರೆಯಾಗಿ ಬರೆಯುತ್ತೇನೆ.) ಸೌಲ ಅಮಾಲೇಕ್ಯರ ರಾಜ ಅಗಾಗನನ್ನು ಉಳಿಸಿದ. ಚೆನ್ನಾಗಿದ್ದ ಕುರಿದನಗಳನ್ನೂ ಉಳಿಸಿದ. ಕರ್ಮೆಲಿನಲ್ಲಿ ತನಗೊಂದು ಸ್ಮಾರಕ ಬೇರೆ ನಿಲ್ಲಿಸಿಕೊಂಡ. ಪ್ರವಾದಿ ಸಮುವೇಲ ಬಂದ ಕೂಡಲೇ, ಅವನು ಕೇಳುವ ಮೊದಲೇ ಸೌಲ, “ಕರ್ತನ ಅಪ್ಪಣೆಯನ್ನು ನೆರವೇರಿಸಿದ್ದೇನೆ” ಅಂದ. ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಕೂಗು ಏನು ಎಂದು ಸಮುವೇಲ ಕೇಳಿದ.

ಸೌಲನ ಉತ್ತರವನ್ನು ನಿಧಾನವಾಗಿ ಓದಿ. ಒಳ್ಳೆಯ ಕುರಿಗಳನ್ನು ಉಳಿಸಿದವರು ಯಾರು? ‘ಜನರು’. ಉಳಿದದ್ದನ್ನು ನಾಶಮಾಡಿದವರು ಯಾರು? ‘ನಾವು’. ತಪ್ಪು ಅವರದು, ವಿಧೇಯತೆ ನಮ್ಮದು! ಉಳಿಸಿದ್ದು ಯಾಕೆ ಅಂದರೆ, ನಿನ್ನ ದೇವರಾದ ಕರ್ತನಿಗೆ ಯಜ್ಞ ಕೊಡಲು. ‘ನನ್ನ ದೇವರು’ ಅನ್ನುವುದೂ ಅವನ ಬಾಯಿಗೆ ಬರಲಿಲ್ಲ. ಆಗಲೇ ಸಮುವೇಲ ಆ ಮಾತು ಹೇಳಿದ್ದು: ಯಜ್ಞಕ್ಕಿಂತ ಮಾತು ಕೇಳುವುದು ಉತ್ತಮ, ಟಗರುಗಳ ಕೊಬ್ಬಿಗಿಂತ ವಿಧೇಯತೆ ಉತ್ತಮ.

ಈಗ ನಿಮ್ಮ ಸರದ ಹಣಕ್ಕೆ ಬರೋಣ. ಅದರಲ್ಲಿ ಅರ್ಧ ನಿಮ್ಮ ತಂಗಿಯದು. ಅಂದರೆ ನೀವು ಸಭೆಗೆ ಕೊಟ್ಟ ದಶಮಾಂಶದಲ್ಲೂ ಅರ್ಧ ತಂಗಿಯ ಹಣವೇ. ಬೇಸರ ಮಾಡಿಕೊಳ್ಳಬೇಡಿ, ಆದರೆ ಇದು ಸೌಲನ ಕುರಿಗಳ ಲೆಕ್ಕವೇ ಅಲ್ವಾ? ಇಟ್ಟುಕೊಳ್ಳಬಾರದ್ದನ್ನು ಇಟ್ಟುಕೊಂಡು, ಅದರಲ್ಲೊಂದು ಪಾಲನ್ನು ದೇವರಿಗೆ ತೋರಿಸುವುದು.

ಹಳೆಯ ಒಡಂಬಡಿಕೆಯಲ್ಲಿ ಬರೀ ವಿಧಿವಿಧಾನ, ವಿಧೇಯತೆ ಹೊಸ ಒಡಂಬಡಿಕೆಯಲ್ಲಿ ಬಂತು ಅಂತ ಕೆಲವರು ತಿಳಿದಿದ್ದಾರೆ. ಯಾಜಕಕಾಂಡ 6ನೇ ಅಧ್ಯಾಯದ ಮೊದಲ ಏಳು ವಚನ ಓದಿದರೆ ಆ ತಿಳುವಳಿಕೆ ನಿಲ್ಲುವುದಿಲ್ಲ. ನಂಬಿ ಕೊಟ್ಟದ್ದನ್ನು ಒಬ್ಬ ಇಟ್ಟುಕೊಂಡು ಸುಳ್ಳು ಹೇಳಿದ ಅನ್ನಿ. ನಿಮ್ಮ ವಿಷಯವೇ. ಅವನು ಅದನ್ನು ಪೂರ್ತಿಯಾಗಿ ಹಿಂದಿರುಗಿಸಬೇಕು. ಮೇಲೆ ಐದನೇ ಒಂದು ಪಾಲು ಸೇರಿಸಿ, ಯಾರದೋ ಅವರ ಕೈಗೇ ಕೊಡಬೇಕು. ಪ್ರಾಯಶ್ಚಿತ್ತಕ್ಕೆ ಟಗರು ತರುವ ಮಾತು ಅದಾದ ಮೇಲೆ ಬರುತ್ತದೆ. ಕೊಡಬೇಕಾದ್ದನ್ನು ಕೊಡದೆ ಟಗರು ಹಿಡಿದುಕೊಂಡು ಬಂದು ಪಾರಾಗುವ ದಾರಿಯನ್ನು ಆ ನಿಯಮ ಇಟ್ಟೇ ಇಲ್ಲ.

ಯೇಸುಸ್ವಾಮಿ ಹೇಳಿದ್ದೂ ಇದನ್ನೇ, ಇನ್ನಷ್ಟು ಬಿಗಿಯಾಗಿ. ಮತ್ತಾಯ 5ರಲ್ಲಿ, ಕಾಣಿಕೆ ಕೊಡಲು ಯಜ್ಞವೇದಿಯ ಹತ್ತಿರ ಬಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು ಅನ್ನುತ್ತಾರೆ. ಕೇಳುತ್ತಿದ್ದವರು ಗಲಿಲಾಯದ ಕಡೆಯ ಜನ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನೂರು ಕಿಲೋಮೀಟರಿಗೂ ಜಾಸ್ತಿ ದೂರ. ದಿನಗಟ್ಟಲೆ ನಡೆದು ಬಂದಿದ್ದಾನೆ. ಸಾಲಿನಲ್ಲಿ ನಿಂತು ಕೊನೆಗೂ ಅವನ ಸರದಿ ಬಂದಿದೆ. ಆಗ ಅವನಿಗೆ ಹೇಳುತ್ತಿರುವುದು, ಎಲ್ಲ ಅಲ್ಲೇ ಬಿಟ್ಟು ಮನೆಗೆ ವಾಪಸ್ಸು ನಡೆ ಅಂತ. ಕೇಳಿದವರಲ್ಲಿ ಕೆಲವರಾದರೂ ಮುಖ ಮುಖ ನೋಡಿಕೊಂಡಿರಬೇಕು.

ನೀವು ಮಾಡಬೇಕಾದದ್ದು ಇಷ್ಟು. ಒಡವೆಯ ಪಟ್ಟಿ ಬರೆಯಿರಿ, ಮಾರಿದ ಸರವನ್ನೂ ಸೇರಿಸಿ. ಅರ್ಧವನ್ನು ತಂಗಿಗೆ ಕೊಡಿ. ಐದನೇ ಒಂದು ಪಾಲು ಸೇರಿಸಲೇಬೇಕು ಅನ್ನುವ ಕಟ್ಟು ನಮಗೆ ಇಲ್ಲ, ಆದರೆ ಗ್ರಾಂ ಲೆಕ್ಕ ಹಾಕುವಾಗ ತಕ್ಕಡಿ ಅವಳ ಕಡೆಗೇ ವಾಲಲಿ. ಹೇಳುವ ಮಾತು ಚಿಕ್ಕದಾಗಿರಲಿ: “ಅಮ್ಮ ಇಬ್ಬರಿಗೂ ಅಂದಿದ್ದರು. ನಾನು ಸುಳ್ಳು ಹೇಳಿದೆ. ತೊಗೋ.” ಅಲ್ಲಿಗೆ ನಿಲ್ಲಿಸಿ. ‘ಆದರೆ ನೀನೂ ಆಗ...’ ಅಂತ ಶುರು ಮಾಡಬೇಡಿ. ಅವಳು ಬಾಗಿಲು ತೆಗೆಯದೆ ಇರಬಹುದು, ಬೈಯಲೂಬಹುದು. ನಿಮ್ಮಿಂದ ಆಗುವ ಮಟ್ಟಿಗೆ ಸಮಾಧಾನದಿಂದಿರಿ ಎಂದು ಪೌಲ ರೋಮಾಪುರದವರಿಗೆ ಬರೆದ. ಅವಳಿಂದ ಆಗಬೇಕಾದದ್ದು ನಿಮ್ಮ ಲೆಕ್ಕದಲ್ಲಿಲ್ಲ.

ಉಪವಾಸ ಬಿಡಿ ಅಂತ ನಾನು ಹೇಳುತ್ತಿಲ್ಲ. ಒಡವೆ ಕೊಟ್ಟು ಬಂದ ಮೇಲೆ ಬರುವ ಶುಕ್ರವಾರ ಇರಿ.

ಪ್ರಶ್ನೆ: ನಮ್ಮ ಸಭೆಗೆ ಒಬ್ಬರು ದೊಡ್ಡ ಮೊತ್ತ ಕೊಡುತ್ತಾರೆ. ತಮ್ಮ ಹತ್ತಿರ ದುಡಿಯುವವರಿಗೆ ತಿಂಗಳುಗಟ್ಟಲೆ ಕೂಲಿ ಬಾಕಿ ಇಟ್ಟಿದ್ದಾರೆ. ಆ ಕೆಲಸಗಾರರಲ್ಲಿ ಕೆಲವರು ನಮ್ಮ ಸಭೆಯವರೇ. ನಾನು ಕಮಿಟಿಯಲ್ಲಿದ್ದೇನೆ. ಕಾಣಿಕೆ ಬೇಡ ಅನ್ನಬಹುದೇ? ‘ಕೊಡುವುದು ದೇವರಿಗೆ, ನಮಗೇಕೆ’ ಎನ್ನುತ್ತಾರೆ ಉಳಿದವರು.

ಉತ್ತರ: ‘ಕೊಡುವುದು ದೇವರಿಗೆ’ ಅನ್ನುವ ಮಾತನ್ನು ಯೇಸುಸ್ವಾಮಿ ಕೇಳಿದ್ದರು. ಮಾರ್ಕ 7 ನೋಡಿ. ಹೆತ್ತವರಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು, ಅಂದುಬಿಟ್ಟರೆ ಮಗನಿಗೆ ತಂದೆತಾಯಿಯನ್ನು ನೋಡಿಕೊಳ್ಳುವ ಹೊಣೆಯಿಂದ ಬಿಡುಗಡೆ. ಇದನ್ನು ಒಪ್ಪಿಕೊಂಡಿದ್ದವರಿಗೆ ಅವರು ಹೇಳಿದ್ದು, ನೀವು ದೇವರ ಮಾತನ್ನೇ ಇಲ್ಲದಂತೆ ಮಾಡಿದ್ದೀರಿ ಅಂತ. ಯಾಕೋಬನ ಪತ್ರ 5ನೇ ಅಧ್ಯಾಯ ಇನ್ನೂ ನೇರ: ಹಿಡಿದಿಟ್ಟ ಕೂಲಿಯೇ ಕೂಗುತ್ತದೆ, ಆ ಕೂಗು ಕರ್ತನ ಕಿವಿ ಮುಟ್ಟಿದೆ. ಅದೇ ಹಣ ಕಾಣಿಕೆ ಚೀಲಕ್ಕೆ ಬಿದ್ದ ಮಾತ್ರಕ್ಕೆ ಬಾಯಿ ಮುಚ್ಚಿಕೊಳ್ಳುವುದಿಲ್ಲ.

ದೊಡ್ಡವರಿಗೆ ಬೇಡ ಅನ್ನುವುದು ಹೇಗೆ ಅಂತ ನಿಮ್ಮ ಸಂಕಟ. 390ರಲ್ಲಿ ಥೆಸಲೋನಿಕದಲ್ಲಿ ದಂಗೆ ಎದ್ದು ಒಬ್ಬ ಸೇನಾಧಿಕಾರಿ ಸತ್ತ. ಚಕ್ರವರ್ತಿ ಥಿಯೊಡೋಸಿಯಸ್‌ನ ಸೈನಿಕರು ಸೇಡಿಗೆ ಊರಿನ ಜನರನ್ನು ಕೊಂದರು. ಮಿಲಾನಿನ ಬಿಷಪ್ ಆಂಬ್ರೋಸ್ ಚಕ್ರವರ್ತಿಗೆ ಪತ್ರ ಬರೆದ. ನೀವು ಬಂದು ನಿಂತರೆ ನಾನು ಪ್ರಭುಭೋಜನದ ಆರಾಧನೆ ನಡೆಸಲಾರೆ ಎಂಬುದು ಅದರ ತಿರುಳು. ಚಕ್ರವರ್ತಿ ಕ್ರೈಸ್ತ, ಆರಾಧನೆಗೆ ಬರುವವನು, ಸಭೆಗೆ ಬೆಂಬಲ ಕೊಟ್ಟವನು. ಕೊನೆಗೆ ರಾಜವಸ್ತ್ರ ತೆಗೆದಿಟ್ಟು ಎಲ್ಲರ ಎದುರು ಪಶ್ಚಾತ್ತಾಪಪಟ್ಟ ಮೇಲೆಯೇ ಅವನು ಪ್ರಭುವಿನ ಮೇಜಿಗೆ ಮರಳಿದ. ಇದರಲ್ಲಿ ನನಗೆ ಹಿಡಿಸುವುದು, ಆಂಬ್ರೋಸ್ ಮೊದಲು ಖಾಸಗಿಯಾಗಿ ಬರೆದದ್ದು. ಬೀದಿಯಲ್ಲಿ ಮಾನ ಕಳೆಯಲಿಲ್ಲ.

ನೀವೂ ಹಾಗೇ ಮಾಡಿ. ಅಯ್ಯನವರೂ ನೀವೂ ಇಬ್ಬರೇ ಹೋಗಿ. ಈ ಹಣ ಮೊದಲು ಕೆಲಸಗಾರರಿಗೆ ಹೋಗಲಿ, ಉಳಿದರೆ ಸಭೆಗೆ ತನ್ನಿ ಅನ್ನಿ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಯೇಸುಸ್ವಾಮಿಯ ಎದುರು, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅಂದ. ಇವರು ಒಂದರಷ್ಟು ಕೊಟ್ಟರೂ ಸದ್ಯಕ್ಕೆ ಸಾಕು.

ಪ್ರಶ್ನೆ: ದೇವರು ಹೃದಯ ನೋಡುತ್ತಾನೆ ಅಂದ ಮೇಲೆ ದೀಕ್ಷಾಸ್ನಾನ, ಕರ್ತನ ಭೋಜನ, ಭಾನುವಾರದ ಆರಾಧನೆ ಎಲ್ಲ ಯಾಕೆ? ನಾನು ಚರ್ಚಿಗೆ ಹೋಗುವುದನ್ನು ಬಿಟ್ಟು ಮನೆಯಲ್ಲೇ ಪ್ರಾರ್ಥನೆ ಮಾಡುತ್ತೇನೆ. ಪ್ರವಾದಿಗಳೇ ಹಬ್ಬ ಯಜ್ಞಗಳನ್ನು ಬೈದಿದ್ದಾರಲ್ಲ?

ಉತ್ತರ: ಬೈದಿದ್ದಾರೆ, ಚೆನ್ನಾಗಿಯೇ ಬೈದಿದ್ದಾರೆ. ಆಮೋಸನ 5ನೇ ಅಧ್ಯಾಯದಲ್ಲಿ ನಿಮ್ಮ ಹಬ್ಬಗಳನ್ನು ಹಗೆಮಾಡುತ್ತೇನೆ, ಹಾಡಿನ ಗದ್ದಲ ಸಾಕು ಅನ್ನುತ್ತಾನೆ ದೇವರು. ಯೆಶಾಯನ 1ನೇ ಅಧ್ಯಾಯವೂ ಅದೇ ಧಾಟಿ. ಆದರೆ ಅಲ್ಲಿ ಮುಂದೆ ಓದಿದಿರಾ? ಹಬ್ಬ ಬಿಟ್ಟು ಮನೆಯಲ್ಲಿ ಹಾಯಾಗಿರಿ ಅಂತ ಇಲ್ಲ. ನ್ಯಾಯ ಹೊಳೆಯಂತೆ ಹರಿಯಲಿ, ಅನಾಥನಿಗೆ ನ್ಯಾಯ ಕೊಡಿಸಿ, ವಿಧವೆಯ ಪರ ನಿಲ್ಲಿ ಅಂತಿದೆ. ನೀವು ಮೊದಲ ಅರ್ಧವನ್ನು ಮಾತ್ರ ಒಪ್ಪಿಕೊಂಡ ಹಾಗಿದೆ.

ಅರಾಮ್ ದೇಶದ ಸೇನಾಪತಿ ನಾಮಾನ ನೆನಪಿದ್ದಾನಾ? ಕುಷ್ಠ ವಾಸಿಯಾಗಲು ಯೊರ್ದನ್ ನದಿಯಲ್ಲಿ ಏಳು ಸಲ ಮುಳುಗು ಎಂದು ಪ್ರವಾದಿ ಎಲೀಷ ಹೇಳಿಕಳುಹಿಸಿದಾಗ ಅವನಿಗೆ ಸಿಟ್ಟು ಬಂತು. ನಮ್ಮ ದಮಸ್ಕದ ನದಿಗಳು ಇದಕ್ಕಿಂತ ಚೆನ್ನಾಗಿಲ್ಲವೇ ಅಂದ. ಅವನು ಹೇಳಿದ್ದು ಸುಳ್ಳಿರಲಿಕ್ಕಿಲ್ಲ. ಆದರೆ ಅವತ್ತು ಅವನ ಮಟ್ಟಿಗೆ ಆ ನೀರಿಗಿಳಿಯುವುದೇ ವಿಧೇಯತೆ ಆಗಿತ್ತು. ದೀಕ್ಷಾಸ್ನಾನವೂ ಕರ್ತನ ಭೋಜನವೂ ಹಾಗೇ. ಯೇಸುಸ್ವಾಮಿಯೇ ಮಾಡಿ ಅಂದದ್ದನ್ನು ‘ಬರೀ ಹೊರಗಿನದು’ ಅಂತ ಬದಿಗಿಟ್ಟು ವಿಧೇಯತೆಯ ಮಾತಾಡುವುದು ಹೇಗೆ? ಪುದೀನ, ಜೀರಿಗೆಯಲ್ಲೂ ಹತ್ತನೇ ಪಾಲು ಎಣಿಸುತ್ತಿದ್ದ ಫರಿಸಾಯರಿಗೆ ಕೂಡ ಅವರು ಅದನ್ನು ನಿಲ್ಲಿಸಿ ಅನ್ನಲಿಲ್ಲ. ನ್ಯಾಯ, ಕರುಣೆ, ನಂಬಿಕೆ ಇವನ್ನು ಮಾಡಬೇಕಿತ್ತು, ಅದನ್ನೂ ಬಿಡಬಾರದಿತ್ತು ಅಂದರು.

ವಿಧಿಗಳನ್ನು ತೆಗೆದುಹಾಕಿದರೆ ಒಳಗಿನದು ತಾನಾಗಿ ಶುದ್ಧವಾಗುತ್ತದೆ ಅನ್ನುವುದಕ್ಕೆ ಚರಿತ್ರೆಯೂ ಒಪ್ಪುವುದಿಲ್ಲ. 17ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ವೇಕರ್ ಸಭೆಯವರು ನೀರಿನ ದೀಕ್ಷಾಸ್ನಾನವನ್ನೂ ರೊಟ್ಟಿ-ದ್ರಾಕ್ಷಾರಸವನ್ನೂ ಬಿಟ್ಟು, ಮೌನವಾಗಿ ಕೂತು ಆರಾಧಿಸಿದರು. ಒಳ್ಳೆಯ ಜನ, ಅವರ ಬಗ್ಗೆ ನನಗೆ ಗೌರವವಿದೆ. ಆದರೂ ಅಮೆರಿಕದಲ್ಲಿ ಅವರಲ್ಲೂ ಗುಲಾಮರನ್ನು ಇಟ್ಟುಕೊಂಡವರಿದ್ದರು. 1688ರಲ್ಲೇ ಜರ್ಮನ್‌ಟೌನಿನ ಕೆಲವರು ಇದು ತಪ್ಪು ಎಂದು ಬರೆದುಕೊಟ್ಟರು. ಫಿಲಡೆಲ್ಫಿಯಾದ ಅವರ ವಾರ್ಷಿಕ ಸಭೆ ಗುಲಾಮರನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಸದಸ್ಯರಿಗೆ ವಿಧಿಸಿದ್ದು 1776ರಲ್ಲಿ. ನಡುವೆ 88 ವರ್ಷ. ಮೌನದ ಹಿಂದೆ ಕೂಡ ಅಡಗಿಕೊಳ್ಳಬಹುದು, ಹಾಡಿನ ಹಿಂದೆ ಅಡಗಿಕೊಂಡ ಹಾಗೇ. ಮನೆಯ ಪ್ರಾರ್ಥನೆಯ ಹಿಂದೆಯೂ.

ಇನ್ನೊಂದು ಮಾತು. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ನೀವು ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಪೌಲ ಬರೆದ. ಹಾಗಾದರೆ ಭೋಜನ ನಿಲ್ಲಿಸಿ ಅಂದನೇ? ಇಲ್ಲ. ಒಬ್ಬರಿಗೊಬ್ಬರು ಕಾದುಕೊಳ್ಳಿ ಅಂದ. ಮನೆಯಲ್ಲಿ ಒಬ್ಬರೇ ಕೂತರೆ ಯಾರಿಗಾಗಿ ಕಾಯುತ್ತೀರಿ? ಚರ್ಚಿನಲ್ಲಿ ಯಾರದೋ ಮುಖ ನೋಡಲು ಇಷ್ಟವಿಲ್ಲದೆ ನೀವು ಬಿಟ್ಟಿದ್ದರೆ, ಅದನ್ನು ನನಗೆ ಬರೆಯಿರಿ. ಈ ಪತ್ರದಲ್ಲಿ ಅದು ಇಲ್ಲ, ಇರಬೇಕಿತ್ತು ಅನ್ನಿಸಿತು.

ಪ್ರಶ್ನೆ: ನಮ್ಮ ಸಭೆಯ ಪಾಸ್ಟರ್ ‘ನನ್ನ ಮಾತು ಮೀರುವುದು ದೇವರ ಮಾತು ಮೀರಿದಂತೆ’ ಅನ್ನುತ್ತಾರೆ. ಕಾಣಿಕೆಯ ಲೆಕ್ಕ ಕೇಳಿದವರನ್ನು ಪುಲ್ಪಿಟ್ಟಿನಿಂದಲೇ ಸೌಲನಿಗೆ ಹೋಲಿಸಿದರು. ಸುಮ್ನೆ ಇರುವುದೇ ವಿಧೇಯತೆಯೇ?

ಉತ್ತರ: ಆ ಕಥೆಯಲ್ಲಿ ಸೌಲ ಯಾರು ಅಂತ ಅವರೇ ಇನ್ನೊಮ್ಮೆ ಓದಿಕೊಂಡರೆ ಒಳ್ಳೆಯದು. ಅಧಿಕಾರದಲ್ಲಿ ಕೂತವನು ಸೌಲ. ‘ಈ ಕುರಿಗಳ ಕೂಗು ಏನು’ ಎಂದು ಲೆಕ್ಕ ಕೇಳಿದವನು ಸಮುವೇಲ. ಅದೇ ಸಮುವೇಲ ಅದಕ್ಕೂ ಮುಂಚೆ, 12ನೇ ಅಧ್ಯಾಯದಲ್ಲಿ, ಜನರೆದುರು ನಿಂತು, ನಾನು ಯಾರ ಎತ್ತು ತೆಗೆದುಕೊಂಡಿದ್ದೇನೆ, ಯಾರ ಕತ್ತೆ ಹಿಡಿದಿದ್ದೇನೆ, ಯಾರಿಂದ ಲಂಚ ತಿಂದಿದ್ದೇನೆ, ಹೇಳಿ ಎಂದು ತಾನಾಗಿ ಕೇಳಿದ್ದ. ಪೌಲನೂ ಯೆರೂಸಲೇಮಿನ ಬಡವರಿಗಾಗಿ ಸಭೆಗಳು ಕೂಡಿಸಿದ ಹಣವನ್ನು ಒಬ್ಬನೇ ನೋಡಿಕೊಳ್ಳಲಿಲ್ಲ. ಯಾರೂ ತಪ್ಪು ಹೊರಿಸದಂತೆ ತನ್ನ ಜೊತೆಗಾರ ತೀತನ ಜೊತೆ ಬೇರೆಯವರನ್ನೂ ಕಳುಹಿಸಿದ. ಅದು ಎರಡನೆಯ ಕೊರಿಂಥ 8ರಲ್ಲಿದೆ.

‘ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು’ ಎಂದು ಪೇತ್ರನೂ ಅಪೊಸ್ತಲರೂ ಹೇಳಿದ್ದು ಧಾರ್ಮಿಕ ನಾಯಕರ ಮುಖಕ್ಕೇ ಅನ್ನುವುದೂ ನೆನಪಿರಲಿ. ಒಬ್ಬರೇ ಹೋಗಬೇಡಿ. ಸಭೆಯ ಹಿರಿಯರಲ್ಲಿ ಇಬ್ಬರನ್ನು ಕರೆದುಕೊಂಡು ಹೋಗಿ, ಲೆಕ್ಕವನ್ನು ಬರಹದಲ್ಲಿ ಕೇಳಿ, ಉತ್ತರಕ್ಕೆ ಒಂದು ದಿನ ಗೊತ್ತುಮಾಡಿ. ದನಿ ಏರಿಸಬೇಡಿ. ಏನಾಯಿತು ಅಂತ ನನಗೂ ಬರೆಯಿರಿ.