ಬೇಕರ್ ತ್ರೀ ಹಿಮನದಿ ಎಲ್ಲಿ ಹೋಯಿತು?

ಹಳೇ ಸ್ಥಳನಾಮಗಳ ಪಟ್ಟಿಯಲ್ಲಿರುವ 'ಬೇಕರ್ ತ್ರೀ' ಹಿಮನದಿ ಈಗಿನ ಅಂಟಾರ್ಕ್ಟಿಕಾ ನಕ್ಷೆಯಲ್ಲಿ ಯಾಕಿಲ್ಲ ಅಂತ ಕೇಳಿದ್ದೀರಿ. ಇದೆ, ಲ್ಯಾಂಬರ್ಟ್ ಅನ್ನೋ ಹೆಸರಲ್ಲಿ.

1946-47ರ ಆಪರೇಷನ್ ಹೈಜಂಪ್‌ನಲ್ಲಿ ಅಮೆರಿಕದ ನೌಕಾಪಡೆ ವಿಮಾನದಿಂದ ತೆಗೆದ ಚಿತ್ರಗಳನ್ನು ಕೂತು ನೋಡಿ, ಅಮೆರಿಕದ ಭೂಗೋಳತಜ್ಞ ಜಾನ್ ರೋಸ್ಕೋ 1952ರಲ್ಲಿ ಇದರ ರೂಪರೇಖೆ ಗುರುತಿಸಿದರು. ಚಿತ್ರ ತೆಗೆದ ವಿಮಾನತಂಡದ ಹೆಸರನ್ನೇ ಇಟ್ಟರು. ಅದು ಪಟ್ಟಿಗೆ ಸೇರಿತೇ ಹೊರತು ಅಚ್ಚಾದ ನಕ್ಷೆಗೆ ಕೂಡಲೇ ಬರಲಿಲ್ಲ. ಅಷ್ಟರಲ್ಲಿ, 1956ರಲ್ಲಿ, ಆಸ್ಟ್ರೇಲಿಯಾದವರು ನಕ್ಷೆ ಮಾಡಿ, ಮರುವರ್ಷ ತಮ್ಮ ರಾಷ್ಟ್ರೀಯ ನಕ್ಷಾ ವಿಭಾಗದ ನಿರ್ದೇಶಕ ಬ್ರೂಸ್ ಲ್ಯಾಂಬರ್ಟ್ ಹೆಸರಿಟ್ಟರು. ಅದೇ ನಿಂತಿತು. ಮೇಲಿಂದ ಮೊದಲು ಕಂಡವರ ಹೆಸರು ಉಳಿಯಬೇಕಿತ್ತು ಅಂತ ನನಗನ್ನಿಸುತ್ತೆ.

ನಕ್ಷೆಯಲ್ಲಿ ಪ್ರಿಡ್ಜ್ ಕೊಲ್ಲಿ ಹುಡುಕಿ. ನಮ್ಮ ದೇಶದ ಭಾರತಿ ಸಂಶೋಧನಾ ನೆಲೆ ಇರುವುದೂ ಆ ದಂಡೆಯಲ್ಲೇ. ಅಲ್ಲಿಂದ ಅಮೆರಿ ಹಿಮಚಾಚಿನ (ನೆಲದಿಂದ ಸಮುದ್ರದ ಮೇಲೆ ಚಾಚಿ ತೇಲುವ ದಪ್ಪ ಹಿಮದ ಹಾಸು) ಜಾಡು ಹಿಡಿದು ದಕ್ಷಿಣಕ್ಕೆ ಹೋದರೆ 400 ಕಿ.ಮೀ.ಗೂ ಉದ್ದದ ಈ ಹಿಮನದಿ ಸಿಗುತ್ತದೆ.