ಊರಾಚೆಯ ಹೊಲದಲ್ಲಿ ಸೈಟು: ಆಲೂರಿನವರ ಪ್ರಶ್ನೆಗೆ

ಆಲೂರು ತಾಲ್ಲೂಕಿನಲ್ಲಿ ಊರಿಂದ ಒಂದು ಕಿಲೋಮೀಟರ್ ಆಚೆ ರಸ್ತೆ ಪಕ್ಕದ ಒಂದೆಕರೆ ಹೊಲದಲ್ಲಿ 30×40ರ 36 ಸೈಟು ಮಾಡಿ ಮಾರಬಹುದಾ ಅಂತ ಕೇಳಿದ್ದೀರಿ. ಆ ಲೆಕ್ಕ ನಿಲ್ಲೋದಿಲ್ಲ ಸರ್. 43,560 ಚದರಡಿಯಲ್ಲಿ ರಸ್ತೆ, ಪಾರ್ಕು, ನಾಗರಿಕ ಸೌಲಭ್ಯಕ್ಕೆ ಬಿಟ್ಟರೆ ಹೆಚ್ಚುಕಡಿಮೆ ಅರ್ಧ ಉಳಿಯುತ್ತೆ, ಅಂದರೆ 18 ಸೈಟಿನ ಆಸುಪಾಸು.

ಜಮೀನು ಗ್ರಾಮಠಾಣಾ (ಮನೆಗಳಿಗೆಂದು ಗುರುತಿಸಿದ ಊರಿನ ಜಾಗ) ಆಚೆಗಿರುವುದರಿಂದ ಮೊದಲು ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ, ಆಗಬೇಕು. ಸರ್ವೆ ನಂಬರಿನ ಒಂದು ಭಾಗ ಮಾತ್ರವಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆಯೂ ಬೇಕು. ಆಮೇಲೆ ಬಡಾವಣೆ ನಕ್ಷೆಗೆ ಅನುಮೋದನೆ, ಕೊನೆಗೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ ವ್ಯವಸ್ಥೆಯಾದ ಇ-ಸ್ವತ್ತಿನಲ್ಲಿ ಸೈಟಿನ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ. ಇದನ್ನೆಲ್ಲ ಬಿಟ್ಟು ಗುಂಟೆ ಲೆಕ್ಕದಲ್ಲಿ ಮಾರಿದರೆ ಕೊಂಡವರಿಗೆ 11ಎ ಸಿಗೋದಿಲ್ಲ, ಬ್ಯಾಂಕಿನವರೂ ಸಾಲಕ್ಕೆ ಹಿಂದೇಟು ಹಾಕುತ್ತಾರೆ. ಪಾಪ, ಜೀವಮಾನದ ಉಳಿತಾಯ ಹಾಕಿರುತ್ತಾರೆ ಅವರು.

ಕಾಗದ ಸರಿಹೋದರೂ ಊರಿಗೆ ಅಂಟಿಕೊಂಡ ಜಾಗ ಇದ್ದರೆ ಅದನ್ನೇ ಆರಿಸಿ ಅಂತ ಒತ್ತಿ ಹೇಳುತ್ತೇನೆ. ಅಷ್ಟು ದೂರ ನಾಲ್ಕು ಮನೆ ಎದ್ದರೆ ಪಂಚಾಯಿತಿ ನೀರಿನ ಪೈಪನ್ನು ಕಿಲೋಮೀಟರ್ ಉದ್ದ ಎಳೆಯಬೇಕು, ತೆರಿಗೆ ಬರೋದು ಮಾತ್ರ ನಾಲ್ಕೇ ಮನೆಯಿಂದ. ಚರಂಡಿ ನೀರು ಹೋಗಿ ಸೇರೋಕೆ ಜಾಗವೇ ಇರೋದಿಲ್ಲ; ಮಳೆಗಾಲದಲ್ಲಿ ಇಂಗುಗುಂಡಿ ತುಂಬಿ ಕೊಳಚೆ ಪಕ್ಕದವರ ಗದ್ದೆಗೆ ಇಳಿಯುತ್ತೆ.

ನಿಮ್ಮ ಸ್ವಂತ ವಾಸಕ್ಕೆ ಒಂದೇ ಮನೆ ಸಾಕಾದರೆ ಪರಿವರ್ತನೆ ಬೇಡ. ಹಿಡುವಳಿಯ ಶೇ 10 ಮೀರದಂತೆ ತೋಟದ ಮನೆ ಕಟ್ಟಿಕೊಳ್ಳಬಹುದು.